ರಾಹುಕಾಲ ಮತ್ತು ಹಿಂದಿನ ಸೀಟು

(ಬೆಂಗಳೂರಿನ ಓದುಗರೊಬ್ಬರ ಪತ್ರದ ಸಾರಾಂಶ: ಧರ್ಮಸ್ಥಳ, ಕುಕ್ಕೆ, ಉಡುಪಿ, ಕೊಲ್ಲೂರುಗಳಿಗೆ ಮನೆಮಂದಿಯೆಲ್ಲ ಕಾರಿನಲ್ಲಿ ಹೊರಟ ಶುಕ್ರವಾರ, ರಾಹುಕಾಲವೆಂದು ತಂದೆಯವರು ಹನ್ನೆರಡರವರೆಗೆ ಬಾಗಿಲು ದಾಟಗೊಡಲಿಲ್ಲ. ಬೀದಿಯ ತಿರುವಿನಲ್ಲಿ ಬೆಕ್ಕು ಅಡ್ಡ ಬಂದಿತೆಂದು ಮತ್ತೆ ನಿಲ್ಲಿಸಿದರು. ವೇಗವಾಗಿ ಓಡಿಸಿದರೂ ಚಾರ್ಮಾಡಿ ಘಾಟಿಯಲ್ಲಿ ಕತ್ತಲು, ಮಂಜು ಎರಡೂ ಕವಿದವು. ಮೊಮ್ಮಗುವನ್ನು ತೊಡೆಯ ಮೇಲಿಟ್ಟುಕೊಂಡಿದ್ದ ತಾಯಿಯವರು ದಾರಿಯುದ್ದಕ್ಕೂ ಹರಕೆ ಹೊರುತ್ತಿದ್ದರು. "ತಾವೇ ಕಾರು ಓಡಿಸುತ್ತಿದ್ದ ಕಾಲದಲ್ಲಿ ಪಂಚಾಂಗ ಮುಟ್ಟದಿದ್ದ ಅಪ್ಪನ ಈ ಮೌಢ್ಯವನ್ನು ಬಿಡಿಸುವುದು ಹೇಗೆ?")

ಮಾನ್ಯರೇ,

ತಾವು ಆಶ್ಚರ್ಯಕ್ಕೆಂದು ಬರೆದಿರುವ ಕೊನೆಯ ಸಾಲಿನಲ್ಲಿಯೇ ತಮ್ಮ ಪ್ರಶ್ನೆಗೆ ಬಹುಪಾಲು ಉತ್ತರವಿದೆ ಎಂದು ನಮಗೆ ತೋರುತ್ತದೆ. ಸ್ಟಿಯರಿಂಗ್ ಕೈಯಲ್ಲಿದ್ದಾಗ ತಂದೆಯವರಿಗೆ ರಾಹುವಿನ ನೆನಪಾಗಲಿಲ್ಲ. ಹೊರಡುವ ಹೊತ್ತು, ಹೋಗುವ ದಾರಿ, ವೇಗ, ಊಟಕ್ಕೆ ನಿಲ್ಲುವ ಜಾಗ ಎಲ್ಲವನ್ನೂ ಮಗ ನಿರ್ಧರಿಸಿ, ತಾವು ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂರಬೇಕಾಗಿ ಬಂದಾಗ ನೆನಪಾಯಿತು. ಅವರ ಮಾತು ಇನ್ನೂ ನಡೆಯುವ ಒಂದೇ ವಿಷಯವಾಗಿ ಪಂಚಾಂಗ ಉಳಿದಿತ್ತು.

ಇದು ತಮ್ಮ ಮನೆಯೊಂದರ ಕಥೆಯಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ನೆಲೆಸಿ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಮಲಿನೋವ್ಸ್ಕಿ, ದಡದ ಬಳಿಯ ಶಾಂತ ನೀರಿನಲ್ಲಿ ಮೀನು ಹಿಡಿಯುವಾಗ ಮಂತ್ರತಂತ್ರಗಳ ಗೊಡವೆಗೆ ಹೋಗದ ಜನರೇ ತೆರೆದ ಕಡಲಿಗೆ ಇಳಿಯುವಾಗ ವಿಸ್ತಾರವಾದ ವಿಧಿಗಳನ್ನು ನಡೆಸುತ್ತಿದ್ದುದನ್ನು ದಾಖಲಿಸಿದರು. ವಿಟ್ಸನ್ ಮತ್ತು ಗ್ಯಾಲಿನ್‌ಸ್ಕಿ ಎಂಬ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪರಿಸ್ಥಿತಿ ತಮ್ಮ ಹಿಡಿತದಲ್ಲಿಲ್ಲ ಎಂಬ ಭಾವನೆಗೆ ಒಳಗಾದವರಿಗೆ ಬರೀ ಚುಕ್ಕೆಗಳ ಗೊಂದಲದಲ್ಲಿಯೂ ಇಲ್ಲದ ಆಕೃತಿಗಳು ಹೆಚ್ಚಾಗಿ ಕಂಡವು. ಮಂಜಿನ ಘಾಟಿಯಲ್ಲಿ, ಎದುರಿನಿಂದ ಲಾರಿಯ ದೀಪ ಮಾತ್ರ ಕಾಣುತ್ತಿರುವಾಗ, ಬ್ರೇಕ್ ಒತ್ತಲು ತಮ್ಮ ಕಾಲ ಬಳಿ ಏನೂ ಇಲ್ಲದವರು ಹರಕೆ ಹೊರುವುದು ಅಸಹಜವೇನಲ್ಲ. ಚಾರ್ಮಾಡಿಯ ಅಣ್ಣಪ್ಪಸ್ವಾಮಿ ಗುಡಿಯ ಮುಂದೆ ಕೈಮುಗಿದು ಮುಂದೆ ಹೋಗುವ ಚಾಲಕರನ್ನು ನಾವು ಎಂದೂ ಹಳಿದಿಲ್ಲ. ಆ ತಿರುವುಗಳ ನಡುವೆ ಒಂದು ಕ್ಷಣ ನಿಂತು ಹೋಗುವುದರಿಂದ ಕೆಟ್ಟದ್ದೇನೂ ಆಗದು.

ಹಾಗೆಂದು ರಾಹುಕಾಲಕ್ಕೆ ನಾವು ವಕಾಲತ್ತು ವಹಿಸುತ್ತಿಲ್ಲ. ಚಕ್ರದ ಕೆಳಗಿಟ್ಟ ನಿಂಬೆಹಣ್ಣಿನಿಂದ ಆಗುವ ನಷ್ಟ ಒಂದು ನಿಂಬೆಹಣ್ಣು ಮಾತ್ರ. ಆದರೆ ಹಗಲಲ್ಲಿ ದಾಟಬಹುದಾಗಿದ್ದ ಘಾಟಿಯನ್ನು ಕತ್ತಲಿಗೆ ತಳ್ಳಿದ ನಂಬಿಕೆ, ತಪ್ಪಿಸಲು ಹೊರಟ ಅಪಾಯವನ್ನೇ ತಂದೊಡ್ಡಿತು. ಆ ಅಪಾಯವನ್ನು ಹೆಚ್ಚಿಸಿದ್ದರಲ್ಲಿ ತಮ್ಮ ಪಾಲೂ ಇದೆಯೆಂಬುದನ್ನು ತಾವು ಗಮನಿಸಿದಂತಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ ಹತ್ತಕ್ಕೆ ಏಳರಷ್ಟು ಸಾವುಗಳಿಗೆ ಅತಿವೇಗವೇ ಕಾರಣ. ಸ್ವೆನ್ಸನ್ ಎಂಬ ಸಂಶೋಧಕರು 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಶ್ನೆಗೆ ಉತ್ತರಿಸಿದ ಅಮೆರಿಕನ್ನರ ಪೈಕಿ ಶೇ. 93ರಷ್ಟು ಮಂದಿ ಕೌಶಲದಲ್ಲಿ ತಾವು ಅರ್ಧದಷ್ಟು ಚಾಲಕರಿಗಿಂತ ಮೇಲೆಂದು ಹೇಳಿಕೊಂಡಿದ್ದರು. ಅಷ್ಟೂ ಮಂದಿಯ ಎಣಿಕೆ ನಿಜವಾಗಿರಲು ಸಾಧ್ಯವಿಲ್ಲ. "ನನ್ನ ಕೈಯಲ್ಲಿ ಕಾರಿದ್ದರೆ ಏನೂ ಆಗದು" ಎಂಬುದೂ ಪರೀಕ್ಷೆಗೆ ಒಡ್ಡದ ನಂಬಿಕೆಯೇ, ಮತ್ತು ತಂದೆಯವರ ನಂಬಿಕೆಗಿಂತ ಅಪಾಯಕಾರಿ.

ಆದ್ದರಿಂದ ಮೌಢ್ಯ ಬಿಡಿಸುವ ವಾದವನ್ನು, ಅದರಲ್ಲಿಯೂ ಚಲಿಸುವ ಕಾರಿನೊಳಗೆ, ದಯವಿಟ್ಟು ಹೂಡಬೇಡಿ. ಮುಂದಿನ ಸಲ ಹಿಂದಿನ ದಿನವೇ ತಂದೆಯವರನ್ನು ಕೂರಿಸಿಕೊಂಡು ದಾರಿಯನ್ನು ಗೊತ್ತುಮಾಡಿ, ಎಲ್ಲೆಲ್ಲಿ, ಎಷ್ಟು ಹೊತ್ತು ನಿಲ್ಲಬೇಕೆಂಬ ತೀರ್ಮಾನವನ್ನು ಅವರಿಗೇ ಬಿಡಿ. ವೇಗ ಹೆಚ್ಚಾಯಿತೆನಿಸಿದರೆ ನಿಧಾನಿಸಲು ಹೇಳುವ ಅಧಿಕಾರವನ್ನೂ ಕೊಡಿ, ಅವರು ಹೇಳಿದಾಗ ನಿಧಾನಿಸಿ. ಶುಕ್ರವಾರದ ರಾಹುಕಾಲ ಹತ್ತೂವರೆಯಿಂದ ಹನ್ನೆರಡರವರೆಗೆ. ಬೆಳಿಗ್ಗೆ ಆರಕ್ಕೆ ಹೊರಟವರಿಗೆ ಅದರ ತಂಟೆಯೇ ಇಲ್ಲ, ಬೆಳಕಿರುವಾಗಲೇ ಘಾಟಿಯೂ ಇಳಿದಿರುತ್ತದೆ. ಮೊಮ್ಮಗುವನ್ನು ತಾಯಿಯವರ ತೊಡೆಯಿಂದ ಇಳಿಸಿ ಅದರ ವಯಸ್ಸಿಗೆ ತಕ್ಕ ಸೀಟಿನಲ್ಲಿ ಕೂರಿಸಿರಿ. ಹಿಂದೆ ಕುಳಿತವರೂ ಬೆಲ್ಟ್ ಹಾಕಿಕೊಳ್ಳಬೇಕೆಂಬುದು ಕಾನೂನು. ಅದರ ಬಗ್ಗೆ ತಮ್ಮ ದೀರ್ಘ ಪತ್ರದಲ್ಲಿ ಒಂದು ಮಾತೂ ಇಲ್ಲ.

– ಸಂಪಾದಕ