ಹಳ್ಳಿಯ ಮಕ್ಕಳ ಕಾಲೇಜು ನಿರೀಕ್ಷೆಯನ್ನು ರೂಪಿಸುವುದು ಯಾವುದು?

ಬಡತನ ಮತ್ತು ಅಂಕಗಳನ್ನು ಬಿಟ್ಟು ಬೇರೇನಾದರೂ ಹಳ್ಳಿಯ ಮಕ್ಕಳ ಕಾಲೇಜು ನಿರೀಕ್ಷೆಯನ್ನು ನಿರ್ಧರಿಸುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ನಿರ್ಧರಿಸುತ್ತದೆ. ಗ್ರಾಮೀಣ ಪ್ರೌಢಶಾಲೆಯಲ್ಲಿ ಪಾಠ ಮಾಡುವ ನನಗೆ ಕಂಡಂತೆ, ಹತ್ತಿರದ ನಾಲ್ಕು ಜನ ಆ ಮಗುವಿನ ಬಗ್ಗೆ ಏನೆಂದುಕೊಂಡಿದ್ದಾರೆ ಎಂಬುದಕ್ಕೆ ಬಹಳ ತೂಕವಿದೆ.

ಇದು ನನ್ನೊಬ್ಬನ ಊಹೆಯಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1957ರಲ್ಲಿ ಪ್ರೌಢಶಾಲೆಯ ಕೊನೆಯ ವರ್ಷದಲ್ಲಿದ್ದ ರೈತರ ಗಂಡುಮಕ್ಕಳನ್ನು ಕುರಿತು ಸೆವೆಲ್, ಹಾಲರ್ ಮತ್ತು ಪೋರ್ಟೆಸ್ ಎಂಬ ಸಮಾಜಶಾಸ್ತ್ರಜ್ಞರು 1969ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯ ಸ್ಥಿತಿಗತಿಯ ಪ್ರಭಾವವು ಬಹುಮಟ್ಟಿಗೆ ತಂದೆತಾಯಿ, ಶಿಕ್ಷಕರು ಮತ್ತು ಗೆಳೆಯರ ಪ್ರೋತ್ಸಾಹದ ಮೂಲಕವೇ ಹುಡುಗನ ಗುರಿಯನ್ನು ಮುಟ್ಟುತ್ತದೆ ಎಂಬುದು ಕಂಡುಬಂತು.

ತರಗತಿಯಲ್ಲಿ ಇದು ಸಣ್ಣ ಮಾತುಗಳಲ್ಲಿ ಕಾಣುತ್ತದೆ. ಒಂದೇ ಮನೆಯ ಅಣ್ಣನನ್ನು ನೆಂಟರು "ಮುಂದೆ ಏನು ಓದುತ್ತೀಯ?" ಎಂದು ಕೇಳುತ್ತಾರೆ, ಅವನಿಗಿಂತ ಚೆನ್ನಾಗಿ ಲೆಕ್ಕ ಬಿಡಿಸುವ ತಂಗಿಯನ್ನು "ಮುಂದೆ ಓದುತ್ತೀಯಾ?" ಎಂದು ಕೇಳುತ್ತಾರೆ. ಇದನ್ನು ವರ್ಷಗಟ್ಟಲೆ ಕೇಳಿಸಿಕೊಂಡ ಹುಡುಗಿ, ಕಾಲೇಜಿಗೆ ಹೋಗುವ ಆಸೆ ಇದ್ದರೂ ಹೋಗುತ್ತೇನೆಂದು ನಂಬುವುದಿಲ್ಲ, ನಂಬದ ಕಾರಣ ಅರ್ಜಿಯ ಕೊನೆಯ ದಿನಾಂಕವನ್ನೂ ವಿಚಾರಿಸುವುದಿಲ್ಲ.

ಕಣ್ಣೆದುರಿನ ಉದಾಹರಣೆ ಈ ನಂಬಿಕೆಯನ್ನು ಬದಲಿಸಬಲ್ಲದು. ಪಶ್ಚಿಮ ಬಂಗಾಳದಲ್ಲಿ ಪಂಚಾಯಿತಿಯ ಮುಖ್ಯಸ್ಥ ಸ್ಥಾನವು ಎರಡು ಅವಧಿಗೆ ಮಹಿಳೆಯರಿಗೆ ಮೀಸಲಾಗಿದ್ದ ಹಳ್ಳಿಗಳಲ್ಲಿ, ಹದಿಹರೆಯದ ಹುಡುಗರ ಮತ್ತು ಹುಡುಗಿಯರ ಆಕಾಂಕ್ಷೆಗಳ ನಡುವಿನ ಅಂತರ ಶೇ. 32ರಷ್ಟು ಕಡಿಮೆಯಾಗಿತ್ತು ಎಂದು 2012ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಊರಿನಲ್ಲಿ ಪದವೀಧರರೇ ಇಲ್ಲದಿದ್ದರೆ ಅಥವಾ ಪದವಿ ಪಡೆದವರೆಲ್ಲ ಊರು ಬಿಟ್ಟಿದ್ದರೆ, ಮಕ್ಕಳಿಗೆ ನೋಡಿ ಕಲಿಯಲು ಯಾರೂ ಉಳಿಯುವುದಿಲ್ಲ.

ದೂರವೂ ಮುಖ್ಯವೇ. 2006ರಲ್ಲಿ ಬಿಹಾರ ಸರ್ಕಾರವು ಪ್ರೌಢಶಾಲೆಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲೆ ಅವರ ದಾಖಲಾತಿ ಗಣನೀಯವಾಗಿ ಏರಿತು, ಅದರಲ್ಲೂ ಶಾಲೆ ದೂರವಿದ್ದ ಹಳ್ಳಿಗಳಲ್ಲಿ.

ಇನ್ನೊಂದು ಕಾರಣವನ್ನು ಮಕ್ಕಳು ಬಾಯಿಬಿಟ್ಟು ಹೇಳುವುದು ಅಪರೂಪ. ಓದುವುದೆಂದರೆ ಮನೆ ಬಿಡುವುದು ಎಂದಾದಾಗ, ವಯಸ್ಸಾಗುತ್ತಿರುವ ಅಪ್ಪ ಅಮ್ಮನನ್ನು ಮತ್ತು ದುಡಿಮೆಯನ್ನು ಯಾರು ನೋಡಿಕೊಳ್ಳುತ್ತಾರೆಂಬ ಚಿಂತೆಯಿಂದ ಜಾಣ ಮಕ್ಕಳೂ ತಮ್ಮ ಗುರಿಯನ್ನು ತಾವೇ ತಗ್ಗಿಸಿಕೊಳ್ಳುತ್ತಾರೆ. ಇದನ್ನು ಉತ್ಸಾಹದ ಕೊರತೆ ಎಂದು ತಿಳಿಯುವುದು ಅನ್ಯಾಯ. ಆದ್ದರಿಂದಲೇ ಶುಲ್ಕ, ವಿದ್ಯಾರ್ಥಿವೇತನ ಮತ್ತು ವಸತಿನಿಲಯದ ಮಾತನ್ನು ಎಂಟನೇ ತರಗತಿಯಲ್ಲೇ, ಹೆತ್ತವರನ್ನು ಎದುರಿಗೆ ಕೂರಿಸಿಕೊಂಡು ಆಡಬೇಕೆಂದು ನಾನು ಒತ್ತಾಯಿಸುತ್ತೇನೆ.