ಮತ ಬದಲಾದರೂ ತೆರಿಗೆ ತಪ್ಪಲಿಲ್ಲ

ಪ್ರಶ್ನೆ: ಮುಸ್ಲಿಂ ಅರಸರು ಮುಸ್ಲಿಮೇತರರಿಗೆ ಹಾಕುತ್ತಿದ್ದ ಜಿಜಿಯಾ ತೆರಿಗೆ ಬಗ್ಗೆ ಓದಿದ್ದೇನೆ. ಕ್ರೈಸ್ತ ರಾಜರೂ ಮುಸ್ಲಿಮರಿಗೆ ಬೇರೆ ತೆರಿಗೆ ಹಾಕಿದ್ದುಂಟಾ? ಮತಾಂತರವಾದರೆ ಅದು ತಪ್ಪುತ್ತಿತ್ತಾ?

ಉತ್ತರ: ಹಾಕಿದ್ದುಂಟು. ಮತಾಂತರವಾದವರನ್ನೂ ಬಿಡಲಿಲ್ಲ. ಸ್ಪೇನ್‌ನ ಗ್ರನಾಡಾ ಇದಕ್ಕೆ ಒಳ್ಳೆಯ ಉದಾಹರಣೆ.

ಮುಸ್ಲಿಮರ ಆಳ್ವಿಕೆಯಲ್ಲಿದ್ದ ಗ್ರನಾಡಾ 1492ರಲ್ಲಿ ಕ್ರೈಸ್ತರ ಕೈಸೇರಿತು. ನಿಮ್ಮ ಧರ್ಮ ನಿಮಗೆ ಎಂದು ಅಲ್ಲಿನ ಮುಸ್ಲಿಮರಿಗೆ ಒಪ್ಪಂದದಲ್ಲೇ ಮಾತು ಕೊಟ್ಟಿದ್ದರು. ಹತ್ತು ವರ್ಷವೂ ಅದು ಉಳಿಯಲಿಲ್ಲ. 1499ರಿಂದ ಬಲವಂತದ ಮತಾಂತರ ಶುರುವಾಯಿತು. ಹೀಗೆ ಕ್ರೈಸ್ತರಾದವರೇ ಮೊರಿಸ್ಕೊಗಳು. ಇನ್ನು ಮೇಲೆ ಉಳಿದ ಕ್ರೈಸ್ತರಷ್ಟೇ ತೆರಿಗೆ ಕಟ್ಟಿದರೆ ಸಾಕು ಎಂಬ ಭರವಸೆಯೂ ಸಿಕ್ಕಿತ್ತು. ಆದರೆ ಚರ್ಚಿಗೆ ದಶಾಂಶ (ಆದಾಯದ ಹತ್ತನೇ ಒಂದು ಪಾಲು) ಕೊಡಬೇಕಾಯಿತು, ಮಾರಾಟದ ಮೇಲಿನ ಸುಂಕ ಕಟ್ಟಬೇಕಾಯಿತು, ಅದರ ಮೇಲೆ 'ಫಾರ್ದಾ' ಎಂಬ ಬೇರೆ ತೆರಿಗೆಯೂ ಬಿತ್ತು. ಫಾರ್ದಾ ಹಣದಲ್ಲಿ ಒಂದು ಪಾಲು ಕರಾವಳಿ ಕಾವಲಿಗೆ ಹೋಗುತ್ತಿತ್ತು. ಉತ್ತರ ಆಫ್ರಿಕಾದ ಕಡಲ್ಗಳ್ಳರಿಗೆ ಮೊರಿಸ್ಕೊಗಳೇ ನೆರವಾಗುತ್ತಾರೆ ಎಂಬ ಅನುಮಾನ ಸರ್ಕಾರಕ್ಕಿತ್ತು. ಅಂದರೆ ತಮ್ಮನ್ನೇ ಅನುಮಾನದಿಂದ ನೋಡುವ ಕಾವಲುಗಾರರಿಗೆ ಇವರೇ ಸಂಬಳ ಕೊಡಬೇಕಿತ್ತು!

1526ರಲ್ಲಿ ಸ್ಪೇನ್ ದೊರೆ ಐದನೇ ಚಾರ್ಲ್ಸ್ ಗ್ರನಾಡಾಕ್ಕೆ ಬಂದಾಗ ಅರಬ್ಬಿ ಮಾತು, ಉಡುಗೆ, ಸ್ನಾನದ ಪದ್ಧತಿ ಎಲ್ಲಕ್ಕೂ ನಿಷೇಧ ಹೊರಟಿತು. ಮೊರಿಸ್ಕೊಗಳು ದೊಡ್ಡ ಮೊತ್ತ ಕೊಟ್ಟು ಅದನ್ನು ತಡೆಹಿಡಿಸಿದರು. ತಾಯಿ ಕಲಿಸಿದ ಮಾತನ್ನು ಆಡಲೂ ದುಡ್ಡು ಕೊಡಬೇಕಾದ ಸ್ಥಿತಿ ಅದು. ಗ್ರನಾಡಾದ ಹಳೆಯ ಕೋಟೆ-ಅರಮನೆ ಅಲ್‌ಹಂಬ್ರಾಕ್ಕೆ ಹೋದವರು ಅಲ್ಲಿ ಚಾರ್ಲ್ಸ್‌ನ ಅರಮನೆ ನೋಡಿರುತ್ತೀರಿ. ಹೊರಗೆ ಚೌಕ, ಒಳಗೆ ದುಂಡನೆಯ ಅಂಗಳ. ಅದರ ಕೆಲಸಕ್ಕೆ ಮೊರಿಸ್ಕೊಗಳ ತೆರಿಗೆ ಹಣವೇ ಮುಖ್ಯ ಆಧಾರ. ಚಾರ್ಲ್ಸ್‌ನ ಮಗ ಎರಡನೇ ಫಿಲಿಪ್ 1567ರಲ್ಲಿ ಅದೇ ನಿಷೇಧಗಳನ್ನು ಮತ್ತೆ ತಂದ. ಮರುವರ್ಷ ಗ್ರನಾಡಾ ಬಳಿಯ ಅಲ್ಪುಹಾರಾ ಬೆಟ್ಟಗಳಲ್ಲಿ ಮೊರಿಸ್ಕೊಗಳು ದಂಗೆ ಎದ್ದರು. ಹಣ ಬತ್ತಿ, ಅರಮನೆ ಕೆಲಸವೂ ನಿಂತಿತು.

ಜಿಜಿಯಾಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಇದೆ. ಇಸ್ಲಾಂಗೆ ಬಂದವರಿಗೆ ಜಿಜಿಯಾ ಇಲ್ಲ ಎಂಬುದು ನಿಯಮ. ಫಾರ್ದಾ ಬಿದ್ದದ್ದೇ ಮತಾಂತರವಾದವರ ಮೇಲೆ. ಧರ್ಮ ಬಿಟ್ಟರೂ ಹುಟ್ಟು ಅವರನ್ನು ಬಿಡಲಿಲ್ಲ, ಅಲ್ವಾ?

ಇದು ಗ್ರನಾಡಾದ ಕಥೆ ಮಾತ್ರ ಅಲ್ಲ. ಪೂರ್ವ ಸ್ಪೇನ್‌ನ ವೆಲೆನ್ಸಿಯಾದ ಮೊರಿಸ್ಕೊಗಳು 1571ರಿಂದ, ಕ್ರೈಸ್ತ ನಂಬಿಕೆಗೆ ತಪ್ಪಿದವರನ್ನು ವಿಚಾರಿಸುತ್ತಿದ್ದ ಇನ್‌ಕ್ವಿಸಿಷನ್ ನ್ಯಾಯಮಂಡಳಿಗೆ ವರ್ಷಕ್ಕೆ 2,500 ಡುಕಾಟ್ (ಆಗಿನ ಹಣ) ಕೊಡಲು ಒಪ್ಪಿಕೊಂಡರು, ಆಸ್ತಿ ಮುಟ್ಟುಗೋಲು ಆಗದಿರಲಿ ಅಂತ. ಕೊನೆಗೆ 1609ರಲ್ಲಿ ಗಡೀಪಾರು ಶುರುವಾಗಿದ್ದೂ ವೆಲೆನ್ಸಿಯಾದಿಂದಲೇ. 1614ರ ಹೊತ್ತಿಗೆ ಸುಮಾರು 3 ಲಕ್ಷ ಮೊರಿಸ್ಕೊಗಳನ್ನು ಸ್ಪೇನ್‌ನಿಂದ ಹೊರಹಾಕಿದ್ದರು.