ಸಿಟೀಸ್ ಸ್ಕೈಲೈನ್ಸ್‌ ಅನ್ನೋ ಊರು ಕಟ್ಟೋ ಕಂಪ್ಯೂಟರ್ ಆಟದಲ್ಲಿ, ಇನ್ನೂ ಅಂಗಡಿ ಬೇಕು ಅಂತ ತೋರಿಸೋ ನೀಲಿ ಪಟ್ಟಿ ಯಾವಾಗಲೂ ತುಂಬಿರುತ್ತೆ. ನೂರು ಮನೆಗೆ ಎಷ್ಟು ಅಂಗಡಿ ಜಾಗ ಬಿಡಬೇಕು?

ಎರಡು ವರ್ಷದ ಹಿಂದೆ ರಾತ್ರಿ ಒಂದೂವರೆಗೆ ನಾನೂ ಇದೇ ಲೆಕ್ಕ ಹುಡುಕ್ತಾ ಕೂತಿದ್ದೆ. ಲೆಕ್ಕ ಸಿಕ್ತು, ಊರು ಹಾಳಾಯ್ತು. (ಇದು 2015ರ ಮೊದಲ ಆಟದ ಮಾತು. 2023ರ ಎರಡನೆಯದನ್ನ ನನ್ನ ಲ್ಯಾಪ್‌ಟಾಪ್ ಎಳೆಯಲ್ಲ.)

ಊರಿಗೆ ಸುಖಾಪುರ ಅಂತ ಹೆಸರಿಟ್ಟಿದ್ದೆ. ಹೈವೇಯಿಂದ ಇಳಿದ ಕೂಡಲೇ ಒಂದು ಆರು ಲೇನಿನ ರಸ್ತೆ. ಅದರ ಎರಡೂ ಬದಿಗೆ, ಉದ್ದಕ್ಕೂ, ನಾಲ್ಕು ಚೌಕ ಆಳಕ್ಕೆ ನೀಲಿ ಬಳಿದೆ, ಅಂದ್ರೆ ಅಂಗಡಿ ಜಾಗ ಅಂತ ಗುರುತು ಹಾಕಿದೆ. ಪೇಟೆಬೀದಿ ಥರ ಚೆನ್ನಾಗೇ ಕಾಣ್ತಿತ್ತು. ಸ್ವಲ್ಪ ಹೊತ್ತಿಗೆ ಒಂದು ಅಂಗಡಿ ನೆತ್ತಿ ಮೇಲೆ ಚಿಹ್ನೆ ಬಂತು: ಮಾರೋಕೆ ಸರಕಿಲ್ಲ. ಆಮೇಲೆ ಹತ್ತು ಅಂಗಡಿಗೆ. ಆಮೇಲೆ ಬೀದಿಗೇ.

ನಾನು ಕೆಟ್ಟಿದ್ದು ಇಲ್ಲೇ. ಸರಕಿಲ್ಲ ಅಂದ್ರೆ ಸರಕು ಮಾಡೋರಿಲ್ಲ ಅಂದ್ಕೊಂಡು ಊರಾಚೆ ಹಳದಿ ಬಳಿದೆ, ಕಾರ್ಖಾನೆ ಎದ್ದವು. ಆದ್ರೆ ಕಾರ್ಖಾನೆಗೂ ಕಚ್ಚಾವಸ್ತು ಬೇಕಲ್ಲ? ನಿಮ್ಮೂರಲ್ಲೇ ಹೊಲ, ಕಾಡು, ಗಣಿ ಇಲ್ಲದಿದ್ರೆ ಅದು ಹೊರಗಿಂದ ಲಾರಿಯಲ್ಲಿ, ಅದೇ ಹೈವೇ ಇಳಿದು ಬರುತ್ತೆ. ಮಿಕ್ಕ ಸರಕು ಅದೇ ದಾರೀಲಿ ಹೊರಗೆ ಹೋಗುತ್ತೆ. ಹಸಿದವನಿಗೆ ಊಟ ತರಿಸ್ತೀನಿ ಅಂತ ಹೋಗಿ ಅವನ ಬಾಗಿಲಿಗೇ ಲಾರಿ ಅಡ್ಡ ನಿಲ್ಲಿಸಿದ್ದೆ. ಅಂಗಡಿಗಳು ಬಾಗಿಲು ಹಾಕಿದ್ವು. ಪಾಳುಬಿದ್ದಿದ್ದನ್ನ ಬುಲ್ಡೋಜರ್‌ನಲ್ಲಿ ಕೆಡವಿದೆ, ನೀಲಿ ಪಟ್ಟಿ ಮತ್ತೆ ತುಂಬ್ತು, ಮತ್ತೆ ನೀಲಿ ಬಳಿದೆ. ಹೀಗೆ ಮೂರು ಸಲ! ಪಟ್ಟಿ ಏರಿದ್ದು ಜನ ಅಂಗಡಿ ಕೇಳಿದ್ದಕ್ಕಲ್ಲ, ಇದ್ದ ಅಂಗಡಿ ಸತ್ತಿದ್ದಕ್ಕೆ.

ಕೊನೆಗೆ ಬೇಜಾರಾಗಿ ಒಂದು ಲಾರಿ ಮೇಲೆ ಕ್ಲಿಕ್ ಮಾಡಿ ಅದರ ಹಿಂದೆ ಹೋದೆ. ಕಾಫಿ ಮಾಡ್ಕೊಂಡು ಬಂದ್ರೂ ಎರಡು ಗಾಡಿಯಷ್ಟು ಮುಂದೆ ಹೋಗಿತ್ತು ಅಷ್ಟೇ. ಮುಂದೆ ಎಡಕ್ಕೆ ತಿರುಗಬೇಕಾದ ಲಾರಿಗಳೆಲ್ಲ ಹೈವೇ ಇಳಿಯುವಾಗಲೇ ಒಂದೇ ಲೇನ್ ಹಿಡಿದು ನಿಂತಿದ್ವು. ಪಕ್ಕದ ಲೇನ್ ಖಾಲಿ ಹೊಡೀತಿತ್ತು. ಸಾಲದ್ದಕ್ಕೆ ಅಷ್ಟು ದೊಡ್ಡ ರಸ್ತೆಗೆ ಪ್ರತಿ ಅಡ್ಡರಸ್ತೆ ಸೇರೋ ಕಡೆ ತಾನಾಗೇ ಸಿಗ್ನಲ್ ಬಂದಿತ್ತು.

ಅದಕ್ಕೇ ನಿಮಗೆ ಲೆಕ್ಕ ಕೊಡಲ್ಲ. ಪಟ್ಟಿ ಇಳಿಸೋದು ನಿಮ್ಮ ಕೆಲಸ ಅಂತ ಯಾರು ಹೇಳಿದ್ದು? ಅರ್ಧ ತುಂಬಿದ್ರೆ ಇರಲಿ, ಅಂಗಡಿ ಕಡಿಮೆ ಆಯ್ತು ಅಂತ ಯಾರೂ ಊರು ಬಿಡಲ್ಲ. ಹೈವೇಯಿಂದ ಇಳಿಯೋ ರಸ್ತೆಗೆ ಒಂದೇ ಒಂದು ಅಂಗಡಿನೂ ಬೇಡ. ಬಡಾವಣೆ ಒಳಗೆ, ಜನ ನಡ್ಕೊಂಡು ಹೋಗೋ ಕಡೆ, ಅಲ್ಲೊಂದು ಇಲ್ಲೊಂದು ಇಡಿ. ಅಂಗಡಿ ಗದ್ದಲಕ್ಕೆ ಪಕ್ಕದ ಮನೆಯವರು ಕಾಯಿಲೆ ಬೀಳ್ತಾರೆ, ಹಾಗಾಗಿ ಮಧ್ಯೆ ಒಂದು ಸಾಲು ಆಫೀಸು ಹಾಕಿ. ಆಫೀಸಿಗೆ ಗದ್ದಲಾನೂ ಇಲ್ಲ, ಸರಕಿನ ಲಾರೀನೂ ಬೇಕಿಲ್ಲ. ಸರಕು ರೈಲು ನಿಲ್ದಾಣ ಸಿಕ್ಕಾಗ ಅದನ್ನ ಹೈವೇ ಬಾಯಲ್ಲಿ ಇಡಬೇಡಿ. ಅದನ್ನೂ ಮಾಡಿ ನೋಡಿದೀನಿ, ಆ ಕಥೆ ಇನ್ನೊಂದು ದಿನ.

ಸುಖಾಪುರದಲ್ಲಿ ಈಗಲೂ ನೀಲಿ ಪಟ್ಟಿ ಅರ್ಧಕ್ಕಿಂತ ಮೇಲೇ ಇದೆ. ನಿಮ್ಮೂರಲ್ಲಿ ಈಗ ನಿಂತಿರೋ ಲಾರಿ ಒಂದನ್ನ ಕ್ಲಿಕ್ ಮಾಡಿ ಎಲ್ಲಿಗೆ ಹೊರಟಿದೆ ನೋಡಿ. ಸ್ಕ್ರೀನ್‌ಶಾಟ್ ಹಾಕಿ, ಯಾವ ತಿರುವು ಕಿತ್ತು ಹಾಕಬೇಕು ಅಂತ ಹೇಳ್ತೀನಿ.